ಶನಿವಾರದ ನಾಟಕ ತರಗತಿಯ ಬಗ್ಗೆ

ಪೋಷಕರಿಗೆ ನಮಸ್ಕಾರ.

ಹನ್ನೊಂದನೇ ತರಗತಿಯ ಇಂಗ್ಲಿಷ್ ಪಾಠದ ವಿಷಯವಾಗಿ ನಿಮ್ಮಲ್ಲಿ ನಾಲ್ಕೈದು ಜನ ಬಂದು ಮಾತಾಡಿದಿರಿ, ಒಬ್ಬರು ಬರೆದೂ ಕೊಟ್ಟರು. ಪಠ್ಯದಲ್ಲಿರುವುದು ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಒಂದೇ. ಜೊತೆಗೆ ಶನಿವಾರದ ತರಗತಿಯಲ್ಲಿ ಅವನದೇ ‘ಮೂರನೇ ರಿಚರ್ಡ್’ ಯಾಕೆ, ಅಣ್ಣನ ಮಕ್ಕಳನ್ನೇ ಕೊಲ್ಲಿಸಿದ ರಾಜನ ಕಥೆ ಈ ವಯಸ್ಸಿಗೆ ಬೇಕೆ ಎಂದು ಕೇಳಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು.

ಲಂಡನ್ ಟವರ್ ಕೋಟೆಯಲ್ಲಿಟ್ಟಿದ್ದ ಆ ಇಬ್ಬರು ಹುಡುಗರ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ. ಕೊಂದ ಕಟುಕರೂ ಅತ್ತರೆಂದು, ಅವರನ್ನು ಕಳಿಸಿದ ಟಿರೆಲ್ ಬಂದು ಹೇಳುತ್ತಾನೆ, ಅಷ್ಟೆ. ಪಠ್ಯದ ‘ಮ್ಯಾಕ್‌ಬೆತ್’ನಲ್ಲಾದರೋ ಮ್ಯಾಕ್‌ಡಫ್‌ನ ಪುಟ್ಟ ಮಗನನ್ನು ತಾಯಿಯ ಕಣ್ಣೆದುರೇ ಇರಿಯುತ್ತಾರೆ. (ಹಾಗಾದರೆ ಅದೂ ಬೇಡ ಎನ್ನಬೇಡಿ, ಅದು ಪರೀಕ್ಷೆಗಿದೆ.)

ರಿಚರ್ಡ್‌ನ ಮಾತಿಗೆ ಮಕ್ಕಳು ನಕ್ಕರು ಎಂಬ ದೂರೂ ಇದೆ. ನಗಬೇಕಾದ್ದೇ. ತಾನು ಖಳನಾಗಲು ತೀರ್ಮಾನಿಸಿದ್ದೇನೆಂದು ಶುರುವಿನಲ್ಲೇ ನಮ್ಮ ಕಿವಿಯಲ್ಲಿ ಹೇಳಿ, ನಮ್ಮನ್ನು ತನ್ನ ಕಡೆ ಮಾಡಿಕೊಳ್ಳುವ ಆಸಾಮಿ ಅವನು. ಇಂಥವನ ಜೊತೆ ಸೇರಿ ನಕ್ಕೆವಲ್ಲ ಎಂಬ ಮುಜುಗರ ಆಮೇಲೆ ಬರುತ್ತದೆ. ಮ್ಯಾಕ್‌ಬೆತ್ ಹಾಗಲ್ಲ. ಡಂಕನ್ ತನ್ನ ನೆಂಟ, ದೊರೆ, ಮನೆಗೆ ಬಂದ ಅತಿಥಿ ಎಂದು ಎಲ್ಲ ಲೆಕ್ಕ ಹಾಕಿ, ನಡುಗಿ, ಆಮೇಲೂ ಕೊಲ್ಲುತ್ತಾನೆ. ತಾನೇ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಭೂತ, ಜನ ತುಂಬಿದ ಔತಣದಲ್ಲಿ ಅವನೊಬ್ಬನಿಗೇ ಕಾಣುತ್ತದೆ. ರಿಚರ್ಡ್‌ಗೆ ಸತ್ತವರೆಲ್ಲ ಸಾಲಾಗಿ ಕಾಣುವುದು ತಾನು ಸಾಯುವ ಬಾಸ್‌ವರ್ತ್ ಯುದ್ಧದ ಹಿಂದಿನ ರಾತ್ರಿ. ಒಂದೇ ನಾಟಕ ಓದಿದ ಹುಡುಗ ‘ಅತಿಯಾಸೆ ಕೆಟ್ಟದ್ದು’ ಎಂದು ಉತ್ತರ ಬರೆದು ಮುಗಿಸುತ್ತಾನೆ. ಎರಡನ್ನೂ ಓದಿದವಳೊಬ್ಬಳು ಮೊನ್ನೆ, ‘ಮೇಡಂ, ತಪ್ಪೆಂದು ಗೊತ್ತಿದ್ದೂ ಮಾಡಿದವನೇ ಹೆಚ್ಚು ಪಾಪಿಯಲ್ಲವೇ?’ ಎಂದು ಕೇಳಿದಳು. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

1485ರಲ್ಲಿ ರಿಚರ್ಡ್‌ನನ್ನು ಸೋಲಿಸಿದವನ ಮೊಮ್ಮಗಳೇ ಆ ನಾಟಕ ಬಂದಾಗ ಇಂಗ್ಲೆಂಡನ್ನು ಆಳುತ್ತಿದ್ದ ಮೊದಲನೇ ಎಲಿಜಬೆತ್ ರಾಣಿ. ಬ್ಯಾಂಕೋ ತನ್ನ ಮೂಲಪುರುಷ ಎನ್ನುತ್ತಿದ್ದ ಜೇಮ್ಸ್ ಅವಳ ನಂತರ ಪಟ್ಟಕ್ಕೆ ಬಂದ ಮೇಲೆ ಮ್ಯಾಕ್‌ಬೆತ್ ಬಂತು. ಇತಿಹಾಸದ ಮ್ಯಾಕ್‌ಬೆತ್ 17 ವರ್ಷ ಆಳಿದವನು. ಆಳುವವರನ್ನು ಮೆಚ್ಚಿಸಲು ನಾಟಕ ಇತಿಹಾಸವನ್ನು ಬದಲಿಸಿತೇ ಎಂದೂ ಮಕ್ಕಳು ಚರ್ಚಿಸುತ್ತಿದ್ದಾರೆ.

‘ಮೂರನೇ ರಿಚರ್ಡ್’ಗೆ ಅಂಕ ಇಲ್ಲ, ನಿಜ. ಆದರೆ ಪಠ್ಯದ ಪಾಠದಲ್ಲಿ ಒಂದು ಪೀರಿಯಡ್ಡೂ ಕಡಿತವಾಗಿಲ್ಲ, ಆಗುವುದೂ ಇಲ್ಲ. ಮತ್ತೆ ಹೇಳುತ್ತೇನೆ, ಪರೀಕ್ಷೆಯ ತಯಾರಿಗೆ ಇದರಿಂದ ತೊಂದರೆಯಿಲ್ಲ. ಯಾವ ಮಗುವಿಗಾದರೂ ಕಸಿವಿಸಿಯಾದರೆ ನೇರ ನನಗೆ ತಿಳಿಸಿ, ಬಲವಂತ ಮಾಡುವುದಿಲ್ಲ. ತರಗತಿಯನ್ನು ಮಾತ್ರ ನಿಲ್ಲಿಸುವುದಿಲ್ಲ. ಡಿ.ವಿ.ಜಿ.ಯವರು ಕನ್ನಡಕ್ಕೆ ತಂದ ಮ್ಯಾಕ್‌ಬೆತ್ ಲೈಬ್ರರಿಯಲ್ಲಿದೆ, ನೀವೂ ಬಂದು ಓದಬಹುದು.

ಈ ಶನಿವಾರ ಹತ್ತು ಗಂಟೆಗೆ ಮಕ್ಕಳನ್ನು ಕಳಿಸಿಕೊಡಿ.

ಇಂತಿ,
ಪ್ರಾಂಶುಪಾಲರು