ಚೌತಿಗೆ ಫಲಾವಳಿ ಕಟ್ಟೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಚೌತಿ ಹತ್ತಿರ ಬಂತು, ಗಣಪತಿಯ ಮೇಲೆ ಚೌಕಟ್ಟಿಗೆ ಕಾಯಿ, ಎಲೆ, ಹೂವು ತೂಗುಬಿಟ್ಟು ಕಟ್ಟುವ ಫಲಾವಳಿಯ ಕೆಲಸ ಹಂಚಿಕೊಳ್ಳಬೇಕಲ್ವಾ? ಹಬ್ಬದ ಹಿಂದಿನ ದಿನ ಮಧ್ಯಾಹ್ನ 3 ಗಂಟೆಗೆ ನಮ್ಮನೆ ಜಗಲಿಗೆ ಬನ್ನಿ. ಮರದ ಚೌಕಟ್ಟು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ.

ತೋಟ ಇರುವವರು ಹಸಿ ಅಡಿಕೆ ಗೊನೆ, ಸಿಯಾಳ ತನ್ನಿ. ಹಿತ್ತಲಲ್ಲಿ ಬೆಳೆದವರು ಮೊಗೆಕಾಯಿ (ಮಂಗಳೂರು ಸೌತೆ), ಹೀರೆಕಾಯಿ, ಹಾಗಲಕಾಯಿ. ತೊಟ್ಟು ಮಾತ್ರ ಗೇಣುದ್ದ ಬಿಟ್ಟು ಕೊಯ್ಯಿರಿ, ಇಲ್ಲದಿದ್ದರೆ ಗಂಟು ನಿಲ್ಲುವುದಿಲ್ಲ. ಹೋದ ವರ್ಷ ಹಾಗೇ ಒಂದು ದೊಡ್ಡ ಮೊಗೆಕಾಯಿ ರಾತ್ರಿ ಜಾರಿ ಬಿದ್ದು ಒಡೆದುಹೋಯಿತು, ನೋಡಿ ತುಂಬಾ ಬೇಜಾರಾಯಿತು.

ಬೇಲಿಯಲ್ಲಿ ಗೌರಿ ಹೂ ಅರಳಿದೆ, ಬುಡ ಬೆಂಕಿಯ ಹಳದಿ, ತುದಿ ಕೆಂಪು. ಹೂವನ್ನಷ್ಟೇ ಕೊಯ್ಯಿರಿ, ಗಡ್ಡೆ ಕೀಳಬೇಡಿ. ಇಡೀ ಗಿಡವೇ ವಿಷ, ಮಕ್ಕಳು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ, ಮುಟ್ಟಿದವರು ಕೈ ತೊಳೆಯಿರಿ.

ಪ್ಲಾಸ್ಟಿಕ್ ದಾರ, ಪ್ಲಾಸ್ಟಿಕ್ ಹಣ್ಣು ಬೇಡವೇ ಬೇಡ. ಬಾಳೆನಾರು ನೆನೆಸಿಡುತ್ತೇನೆ, ಭಾರದ ಕಾಯಿಗೆ ತೆಂಗಿನ ಹಗ್ಗ ಇದೆ. ಮೊದಲು ಭಾರದ್ದನ್ನು ನಾಲ್ಕೂ ಕಡೆ ಸಮನಾಗಿ ಕಟ್ಟೋಣ, ಆಮೇಲೆ ಸಣ್ಣ ಕಾಯಿ, ಕೊನೆಗೆ ಮಾವಿನ ಎಲೆ, ಹೂವು.

ಎಲ್ಲರೂ ಒಂದೇ ಕಾಯಿ ತರುವುದು ಬೇಡ. ಯಾರು ಏನು ತರುತ್ತೀರಿ ಅಂತ ನಾಳೆ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಏಣಿ ಹಿಡಿಯಲು ಇಬ್ಬರು ಬೇಕು, ಹೆಸರು ಹೇಳಿ.