ಗದಗ ಬಸ್ ನಿಲ್ದಾಣದ ಟಂಟಂ ಆಟೋ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರನ್ನೇ ಕೇಳಲಿಲ್ಲ. ನನ್ನದೇ ತಪ್ಪು.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಜೊತೆಗೆ ಹುಡುಗಿಯರ ಖೋಖೋ ತಂಡ. ಈ ತಿಂಗಳು ನಿವೃತ್ತಿಯಾದೆ. ಬೀಳ್ಕೊಡುಗೆಯಲ್ಲಿ ಎಲ್ಲರನ್ನೂ ನೆನೆದೆ, ನಿಮ್ಮನ್ನು ಬಿಟ್ಟು.

ಧಾರವಾಡದಲ್ಲಿ ಪಂದ್ಯ ಸೋತು ಬರುತ್ತಿದ್ದೆವು. ಗದಗ ಮುಟ್ಟುವಷ್ಟರಲ್ಲಿ ನಮ್ಮೂರಿನ ಕೊನೆಯ ಬಸ್ ಹೋಗಿತ್ತು. 12 ಹುಡುಗಿಯರು, ನಾನೊಬ್ಬಳು. ಊರಲ್ಲಿ ಫೋನ್ ಇದ್ದ ಮನೆ ಎರಡೋ ಮೂರೋ. ಖೋಖೋ ಅಂಕಣಕ್ಕೆ ಇಳಿಯುವುದು 9 ಮಂದಿ. ಉಳಿದ ಮೂವರನ್ನಾದರೂ ಮನೆಯಲ್ಲೇ ಬಿಟ್ಟು ಬರಬೇಕಿತ್ತು ಅಂತ ಆಗ ಅನಿಸಿದ್ದು ಸುಳ್ಳಲ್ಲ.

ನೀವು ಎಲ್ಲರನ್ನೂ ಒತ್ತಿ ಕೂರಿಸಿಕೊಂಡಿರಿ. ಒಬ್ಬೊಬ್ಬಳನ್ನೂ ಮನೆ ಬಾಗಿಲಿಗೇ ಬಿಟ್ಟಿರಿ. ಅಪ್ಪಂದಿರು ಸಿಟ್ಟಿನಿಂದ ಹೊರಗೆ ಬಂದಾಗ ನೀವೇ ಮುಂದೆ ನಿಂತು, ‘ಬಸ್ ತಪ್ಪಿತ್ರೀ, ಅಕ್ಕೋರದು ಏನೂ ತಪ್ಪಿಲ್ಲ’ ಅಂದಿರಿ. ಬಾಡಿಗೆ ಕೊಡಹೋದರೆ, ‘ಸೋತು ಬಂದಾರ, ಅವರ ಕಡೆ ರೊಕ್ಕ ಬ್ಯಾರೆ ಇಸ್ಕೊಳ್ಳಲೇನ್ರೀ?’ ಅಂತ ನಕ್ಕಿರಿ.

ಹಳ್ಳಿಯಲ್ಲಿ ಹುಡುಗಿಯರ ಆಟ ಬಿಡಿಸಲು ಅಂಥದ್ದೊಂದು ರಾತ್ರಿ ಸಾಕು, ಅಲ್ವಾ? ಮಾರನೆಯ ಬೆಳಿಗ್ಗೆ ಹೆದರುತ್ತಲೇ ಮೈದಾನಕ್ಕೆ ಹೋದೆ. ಹನ್ನೆರಡೂ ಹುಡುಗಿಯರು ಬಂದಿದ್ದರು.

ತುಂಬಾ ಥ್ಯಾಂಕ್ಸ್ ಅಣ್ಣಾ.