ವಿಮೆ ಕ್ಲೈಮ್, ಮದ್ದಿನ ಖರ್ಚು: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಅಮ್ಮನ ಆಸ್ಪತ್ರೆ ಬಿಲ್ಲಿಗೆ ವಿಮೆ ಕಂಪನಿಯವರು ದುಡ್ಡು ಕೊಡುವುದಿಲ್ಲ ಅಂದಾಗ ಎರಡು ವಾರ ಸುಮ್ನೆ ಕೂತುಬಿಟ್ಟೆ. ನೀವು ಹಾಗೆ ಮಾಡಬೇಡಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆನ್‌ಲೈನಿನಲ್ಲೇ ಆಗುತ್ತದೆ, ಮಡಿಕೇರಿಯಿಂದ ಬಸ್ಸು ಹತ್ತಬೇಕಾಗಿಲ್ಲ.

ಬಿಲ್ಲುಗಳ ಫೋಟೊ ಅವತ್ತೇ ತೆಗೆದಿಡಿ. ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗೂ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಅಲ್ವಾ? ಅಮ್ಮನ ಒಂದು ಬಿಲ್ಲಿನಲ್ಲಿ ಅಕ್ಷರವೇ ಮಾಸಿಹೋಗಿತ್ತು.

ಬಿಪಿ, ಶುಗರ್ ಮಾತ್ರೆಗೆ ಡಾಕ್ಟರ ಹತ್ತಿರ ಜೆನೆರಿಕ್ ಹೆಸರು (ಕಂಪನಿ ಇಟ್ಟ ಹೆಸರಲ್ಲ, ಮದ್ದಿನ ಮೂಲ ಹೆಸರು) ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಬೆಲೆ ತುಂಬಾ ಕಡಿಮೆ. ಖರ್ಚು ಜಾಸ್ತಿ ಅಂತ ಮಾತ್ರೆ ಅರ್ಧ ಮಾಡಿ ನುಂಗಬೇಡಿ.

ದೂರು ಬರೆಯಲು ಕಷ್ಟವಾದರೆ ನನಗೆ ಹೇಳಿ. ಭಾನುವಾರ ಕೂತು ಬರೆಯೋಣ.